ಆದಿತ್ಯನ ಯಂತ್ರ, ಕಲ್ಕಿಯ ಗೇಟು

1990ರಲ್ಲಿ ಬ್ಯಾಂಕು ನನ್ನನ್ನು ಹೊಸಪೇಟೆಯಿಂದ ಹೈದರಾಬಾದಿಗೆ ವರ್ಗ ಮಾಡಿತು. ಹೊರಡುವ ರಾತ್ರಿ ನಮ್ಮಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದು ಎರಡೇ ಮಾತು. "ಮೂರು ವರ್ಷ ಅಷ್ಟೇ. ಹೋಗಿ ಬಾ." ನಮ್ಮಲ್ಲಿ ಯಾರಿಗೂ "ಹೋಗು" ಅನ್ನುವ ರೂಢಿ ಇಲ್ಲ. ಕಾಶಿಗೆ ಹೊರಟವನಿಗೂ ಕಿರಾಣಿ ಅಂಗಡಿಗೆ ಹೊರಟವನಿಗೂ "ಹೋಗಿ ಬಾ" ಅಂತಲೇ. ಬರುವುದು ಹೋಗುವುದರಲ್ಲೇ ಸೇರಿಕೊಂಡಿರುತ್ತದೆ. ನಾನೂ ಹಾಗೇ ನಂಬಿಕೊಂಡು ಹೆಂಡತಿ ಮತ್ತು ನಾಲ್ಕು ವರ್ಷದ ಮಗನ ಜತೆ ರಾತ್ರಿ ಬಸ್ಸು ಹತ್ತಿದೆ. ಕಾಚಿಗುಡದ ಹತ್ತಿರ ಬಾಡಿಗೆ ಮನೆ ಹಿಡಿದೆ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ, ದಿನಕ್ಕೆ ನಾಲ್ಕು ಕನ್ನಡ ಮಾತಾದರೂ ಕಿವಿಗೆ ಬೀಳುತ್ತವೆ ಎನ್ನುವ ಲೆಕ್ಕ. ಮೂರು ವರ್ಷಕ್ಕೆ ಅಷ್ಟು ಸಾಕಿತ್ತು.

ಈಗ ಮೂವತ್ತೈದು ವರ್ಷ ದಾಟಿದೆ. ನಿವೃತ್ತನಾಗಿಯೂ ಇಲ್ಲೇ ಇದ್ದೇನೆ. ಈ ಮೂವತ್ತೈದು ವರ್ಷದ ಆಚೆ ಈಚೆ ತುದಿಯಲ್ಲಿ ನಾನು ನೋಡಿದ ಎರಡು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ ಅಂತ ಈ ಬರಹ. ಒಂದು 1991ರ 'ಆದಿತ್ಯ 369', ಇನ್ನೊಂದು 2024ರ 'ಕಲ್ಕಿ 2898 ಎಡಿ'. ಎರಡೂ ತೆಲುಗಿನವು, ಎರಡೂ ವಿಜ್ಞಾನ ಕಥೆಗಳು. ನಾನು ಸಿನಿಮಾ ಪಂಡಿತನಲ್ಲ. ಎಂ.ಕಾಂ. ಓದಿ ಲೆಜರ್ ನೋಡಿಕೊಂಡು ಬಂದವನು. ಆದರೆ ಪರಊರಿನಲ್ಲಿ ಇರುವವನು ಸಿನಿಮಾ ನೋಡುವ ರೀತಿಯೇ ಬೇರೆ. ಅವನು ಪರದೆಯ ಮೇಲೆ ಕಥೆಯ ಜತೆಗೆ ತನ್ನ ಊರನ್ನೂ ಹುಡುಕುತ್ತಿರುತ್ತಾನೆ.

'ಆದಿತ್ಯ 369' ಬಿಡುಗಡೆಯಾದದ್ದು 1991ರ ಜುಲೈ 18ಕ್ಕೆ. ಆ ಜುಲೈ ತಿಂಗಳನ್ನು ಬ್ಯಾಂಕಿನವರು ಯಾರೂ ಮರೆಯುವುದಿಲ್ಲ. ತಿಂಗಳ ಮೊದಲ ವಾರದಲ್ಲೇ ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು. ಸುಮಾರು 47 ಟನ್ ಚಿನ್ನವನ್ನು ರಿಸರ್ವ್ ಬ್ಯಾಂಕು ಹೊರದೇಶಕ್ಕೆ ಒತ್ತೆ ಕಳಿಸಿತು. 24ನೇ ತಾರೀಖು ಮನಮೋಹನ್ ಸಿಂಗ್ ಅವರ ಬಜೆಟ್ಟು ಬಂತು. ಶಾಖೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು. "ಮನೆಯ ಬಂಗಾರ ಒತ್ತೆ ಇಟ್ಟ ಮೇಲೆ ಬಿಡಿಸಿಕೊಂಡು ಬಂದವರು ಎಷ್ಟು ಜನ ಸಾರ್?" ಅಂತ ಚಿನ್ನದ ಸಾಲದ ಕೌಂಟರಿನಲ್ಲಿದ್ದವರೊಬ್ಬರು ಕೇಳಿದ್ದು ಈಗಲೂ ನೆನಪಿದೆ. ಅಂಥ ತಿಂಗಳ ಕೊನೆಯ ಒಂದು ಭಾನುವಾರ ಆರ್‌ಟಿಸಿ ಕ್ರಾಸ್ ರೋಡ್ಸಿನ ಥಿಯೇಟರಿಗೆ ಮನೆಮಂದಿಯೆಲ್ಲ ಹೋದೆವು. ಅಲ್ಲಿ ನೋಡಿದರೆ ಪರದೆಯ ಮೇಲೂ ಅದೇ ಕಥೆ: ರಾಜನ ಕಾಲದ ಒಂದು ವಜ್ರದ ಮೇಲೆ ಕಳ್ಳರ ಕಣ್ಣು ಬಿದ್ದಿದೆ!

ಚಿತ್ರ ನೋಡದವರಿಗೆ ಎರಡು ಮಾತು. ಕೃಷ್ಣದೇವರಾಯನ ಕಾಲದ ವಜ್ರವೊಂದು ಮ್ಯೂಸಿಯಮ್ಮಿನಲ್ಲಿದೆ. ಹಳೆಯ ವಸ್ತುಗಳನ್ನು ಕದ್ದು ತಂದು ಗುಟ್ಟಾಗಿ ಕೂಡಿಡುವ ಹುಚ್ಚಿನ ಶ್ರೀಮಂತನೊಬ್ಬ (ಅಮರೀಶ್ ಪುರಿ) ಅದಕ್ಕೆ ಹೊಂಚು ಹಾಕುತ್ತಾನೆ. ಕಳ್ಳತನವನ್ನು ಕಣ್ಣಾರೆ ಕಂಡ ಒಬ್ಬ ಶಾಲೆಯ ಹುಡುಗ, ಅವನನ್ನು ಕಾಪಾಡುವ ಕೃಷ್ಣಕುಮಾರ, ಟೈಮ್ ಮೆಷಿನ್ ಮಾಡಿಟ್ಟುಕೊಂಡ ಪ್ರೊಫೆಸರು, ಅವರ ಮಗಳು ಹೇಮ. ಆ ಯಂತ್ರ ಅಕಸ್ಮಾತ್ತಾಗಿ ಹೊರಟುಬಿಟ್ಟು ನಾಯಕ, ನಾಯಕಿ ಮತ್ತು ಒಬ್ಬ ಪಾಪದ ಪೊಲೀಸ್ ಪೇದೆಯನ್ನು 1526ರ ವಿಜಯನಗರದಲ್ಲಿ ಇಳಿಸುತ್ತದೆ. ಅಲ್ಲಿಂದ 2504ನೇ ಇಸವಿಗೆ. ಆ ಹೊತ್ತಿಗೆ ಅಣುಯುದ್ಧವಾಗಿ ಜನ ನೆಲದ ಕೆಳಗೆ ವಾಸ ಮಾಡುತ್ತಿರುತ್ತಾರೆ. ಕೊನೆಗೆ ಮತ್ತೆ 1991ಕ್ಕೆ. ಕೃಷ್ಣಕುಮಾರನೂ ಕೃಷ್ಣದೇವರಾಯನೂ ಇಬ್ಬರೂ ಬಾಲಕೃಷ್ಣರೇ. ಅವರ ತಂದೆ ಎನ್‌.ಟಿ.ಆರ್. 'ತೆನಾಲಿ ರಾಮಕೃಷ್ಣ'ದಲ್ಲೂ (1956) 'ಮಹಾಮಂತ್ರಿ ತಿಮ್ಮರುಸು'ವಿನಲ್ಲೂ (1962) ಅದೇ ರಾಯನಾಗಿದ್ದವರು. ಕಿರೀಟ ಮನೆತನದಲ್ಲೇ ಬಂದ ಹಾಗಾಯಿತು.

ನನ್ನ ಸಂಕಟ ಶುರುವಾದದ್ದು ಯಂತ್ರ ವಿಜಯನಗರದಲ್ಲಿ ಇಳಿದಾಗ. ನಾನು ಹೊಸಪೇಟೆಯವನು. ನಮ್ಮೂರಿನ ಹಳೆಯ ಹೆಸರೇ ನಾಗಲಾಪುರ, ಕೃಷ್ಣದೇವರಾಯ ನಾಗಲಾದೇವಿಯ ಹೆಸರಲ್ಲಿ ಕಟ್ಟಿಸಿದ್ದು. ಹಂಪಿ ನಮಗೆ ಸೈಕಲ್ಲಿನ ದಾರಿ. ಆ ಹಂಪಿ ಹಾಳಾಗುವ ಮುಂಚೆ ಹೇಗಿತ್ತು ಎಂದು ಹುಡುಗರಾಗಿದ್ದಾಗ ಬಂಡೆಯ ಮೇಲೆ ಕೂತು ಕಲ್ಪಿಸಿಕೊಂಡದ್ದಿದೆ. 1970ರ ನಮ್ಮ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜಕುಮಾರ್ ಸಿಂಹಾಸನದ ಮೇಲೆ ಕೂತದ್ದನ್ನು ಊರಿನ ಟಾಕೀಸಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಈಗ ಇನ್ನೂರು ಮೈಲಿ ಆಚೆ, ಹೈದರಾಬಾದಿನ ಕತ್ತಲಲ್ಲಿ, ಅದೇ ಪಟ್ಟಣ ತುಂಬು ಸಡಗರದಲ್ಲಿ ಎದ್ದು ನಿಂತಿತು. ಕಣ್ಣು ತುಂಬಿತು. ಆದರೆ ಎಲ್ಲರ ಬಾಯಲ್ಲೂ ತೆಲುಗು! ಜಂಧ್ಯಾಲ ಬರೆದ ಸಂಭಾಷಣೆ, ಹಳೆಯ ಗ್ರಾಂಥಿಕ ತೆಲುಗು, ಕೇಳುವುದಕ್ಕೆ ಬಹಳ ಸೊಗಸು. ತೊಡೆಯ ಮೇಲಿದ್ದ ಮಗ ಜೋರಾಗಿ ಕೇಳಿದ: "ಅಪ್ಪಾ, ಈ ರಾಜ ಯಾಕೆ ಕನ್ನಡ ಮಾತಾಡಲ್ಲ?" ಮುಂದಿನ ಸಾಲಿನವರು ತಿರುಗಿ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಶಾಖೆಯಲ್ಲಿ ಇದನ್ನೇ ಹೇಳಿಕೊಂಡೆ. ಸಹೋದ್ಯೋಗಿಯೊಬ್ಬರು ತಣ್ಣಗೆ, "ರಾಯಲು ಮಾ ವಾಡೇನಂಡಿ" ಅಂದರು. ನಮ್ಮವನೇ ಕಣ್ರಿ ಅಂತ. ಅವರು 'ಆಮುಕ್ತಮಾಲ್ಯದ' ಅಂದರು, ನಾನು 'ಕನ್ನಡರಾಜ್ಯ ರಮಾರಮಣ' ಎಂಬ ಬಿರುದು ತೆಗೆದೆ. ಅವರು ಅಷ್ಟದಿಗ್ಗಜರನ್ನು ತಂದರು, ನಾನು ಕುಮಾರವ್ಯಾಸ ಬಿಟ್ಟ ಪರ್ವಗಳನ್ನು ರಾಯನ ಆಶ್ರಯದಲ್ಲಿ ಬರೆದು ಮುಗಿಸಿದ ತಿಮ್ಮಣ್ಣ ಕವಿಯನ್ನೂ, ಪುರಂದರದಾಸರನ್ನೂ ಕರೆತಂದೆ. ಟೀ ಆರಿಹೋಯಿತು. ಮ್ಯಾನೇಜರು ಬಂದು "ರಾಯರ ಖಾತೆ ಆಮೇಲೆ ನೋಡೋಣ, ಮೊದಲು ಕ್ಯಾಷ್ ಟ್ಯಾಲಿ ಮಾಡಿ" ಅಂದ ಮೇಲೆ ನಿಂತಿತು.

ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿದೆ. ಚಿತ್ರ ಮಾಡಿದವರು ಪರಕೀಯರೇನಲ್ಲ. ಸಿಂಗೀತಂ ಶ್ರೀನಿವಾಸರಾವ್. ನಮ್ಮ 'ಹಾಲು ಜೇನು', 'ಚಲಿಸುವ ಮೋಡಗಳು' ನಿರ್ದೇಶಿಸಿದವರು, ಶಿವರಾಜಕುಮಾರರ ಮೊದಲ ಚಿತ್ರ 'ಆನಂದ್' ಮಾಡಿದವರು, ಬೆಂಗಳೂರಿನ ಬೀದಿಗಳಲ್ಲಿ ಒಂದೂ ಮಾತಿಲ್ಲದೆ 'ಪುಷ್ಪಕ ವಿಮಾನ' ಹಾರಿಸಿದವರು. ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ 'ಟೈಮ್ ಮೆಷಿನ್' ಕಾದಂಬರಿಯನ್ನು ಕಾಲೇಜಿನಲ್ಲಿ ಓದಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವರು, ಅರವತ್ತರ ಹೊಸ್ತಿಲಲ್ಲಿ ಅದಕ್ಕೆ ತೆಲುಗಿನ ಅಂಗಿ ತೊಡಿಸಿದರು. ಕಂಪ್ಯೂಟರ್ ಗ್ರಾಫಿಕ್ಸು ಇಲ್ಲದ ಕಾಲ. ರಟ್ಟು, ಪ್ಲೈವುಡ್ಡು, ಬಣ್ಣದ ದೀಪ, ಮೂವರು ಛಾಯಾಗ್ರಾಹಕರು, ಇಳಯರಾಜರ ಸಂಗೀತ. ಇಷ್ಟರಲ್ಲೇ ಮೂರು ಕಾಲಗಳನ್ನು ಕಟ್ಟಿದರು. 2504ರ ಭಾಗದ ಸೆಟ್ಟುಗಳು ಇವತ್ತು ನೋಡಿದರೆ ಶಾಲೆಯ ವಸ್ತುಪ್ರದರ್ಶನದ ಹಾಗೆ ಕಾಣುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಚಿತ್ರ ಸೋಲುವುದಿಲ್ಲ. ಯಾಕೆಂದರೆ ಅದರ ಎಂಜಿನ್ನು ಇರುವುದು ಯಂತ್ರದಲ್ಲಲ್ಲ, ಮನುಷ್ಯನ ಪೇಚಾಟದಲ್ಲಿ. ಹೊಸ ಕಾಲಕ್ಕೆ ಹೋದವನು ಅಲ್ಲಿಯ ಮಾತು ಕಲಿಯಬೇಕು, ಊಟ ಕಲಿಯಬೇಕು, ಯಾರಿಗೆ ಎಷ್ಟು ಬಗ್ಗಬೇಕು ಅಂತ ತಿಳಿಯಬೇಕು. ಆಸ್ಥಾನದಲ್ಲಿ ಪೇದೆ ತಡವರಿಸುವಾಗ ಥಿಯೇಟರೆಲ್ಲ ನಗುತ್ತಿತ್ತು. ಬಾಡಿಗೆ ಮನೆಯ ಯಜಮಾನಿಯ ಮುಂದೆ ನನ್ನ ಬಳ್ಳಾರಿ ತೆಲುಗಿನಲ್ಲಿ ತಡವರಿಸುತ್ತಿದ್ದ ನನಗೆ ಅದು ತಮಾಷೆಯಷ್ಟೇ ಆಗಿರಲಿಲ್ಲ.

ಎಲ್ಲಕ್ಕಿಂತ ಮುಖ್ಯ, ಆ ಯಂತ್ರ ವಾಪಸ್ಸು ಬರುತ್ತದೆ. ಎಷ್ಟೇ ದೂರ ಹೋಗಲಿ, ಕೆಟ್ಟು ನಿಲ್ಲಲಿ, ಪ್ರೇಕ್ಷಕನಿಗೆ ಒಳಗೊಳಗೇ ಗೊತ್ತು, ಇವರು ಮನೆಗೆ ಬರುತ್ತಾರೆ. 'ಹೋಗಿ ಬಾ' ಎನ್ನುವ ಮಾತಿಗೇ ಚಕ್ರ ಕಟ್ಟಿದ ಹಾಗೆ. 1991ರಲ್ಲಿ ನನಗೆ ಬೇಕಾಗಿದ್ದದ್ದೂ ಅದೇ.

ಅದರ ಮುಂದುವರಿಕೆ 'ಆದಿತ್ಯ 999' ಬರುತ್ತದೆ ಅಂತ ಬಾಲಕೃಷ್ಣ ಹೇಳುತ್ತಲೇ ಬಂದಿದ್ದಾರೆ. ನಾವು ಕಾಯುತ್ತಲೇ ಇದ್ದೇವೆ. ಹಾಲಿವುಡ್ಡಿನಲ್ಲಿ 1982ರ 'ಬ್ಲೇಡ್ ರನ್ನರ್'ಗೆ 35 ವರ್ಷದ ಮೇಲೆ, 2017ರಲ್ಲಿ, ಎರಡನೆಯ ಭಾಗ ಬಂತು. ಯೌವನದಲ್ಲಿ ಆಡಿದ ಹ್ಯಾರಿಸನ್ ಫೋರ್ಡ್ ಮುದುಕರಾಗಿ ಅದೇ ಪಾತ್ರಕ್ಕೆ ಮರಳಿದರು. ನಮ್ಮಲ್ಲಿ ಹಾಗೆ ನೇರ ಮುಂದುವರಿಕೆ ಬರಲಿಲ್ಲ, ವಾರಸುದಾರ ಬಂದ. 2024ರ ಜೂನ್ 27ಕ್ಕೆ ಬಂದ 'ಕಲ್ಕಿ 2898 ಎಡಿ'. ನಿರ್ದೇಶಕ ನಾಗ್ ಅಶ್ವಿನ್ ನನ್ನ ಮಗನ ಓರಗೆಯವರು, 'ಆದಿತ್ಯ' ಬಂದಾಗ ಚಿಕ್ಕ ಹುಡುಗ. ಆ ಹುಡುಗನ ಚಿತ್ರಕಥೆಗೆ ಮಾರ್ಗದರ್ಶಕರಾಗಿ ಕೂತವರು ಯಾರು? ತೊಂಬತ್ತು ದಾಟಿದ ಅದೇ ಸಿಂಗೀತಂ. ಆದ್ದರಿಂದ ಎರಡನ್ನೂ ಒಂದೇ ಮನೆತನದ ಚಿತ್ರಗಳು ಅಂದರೆ ತಪ್ಪಾಗಲಾರದು. ಈ ಊರಿಗೆ 33 ವರ್ಷದಲ್ಲಿ ಏನಾಯಿತು ಅನ್ನುವುದನ್ನು ಇವೆರಡರ ಮಧ್ಯೆ ಓದಿಕೊಳ್ಳಬಹುದು.

ನೆಕ್ಲೆಸ್ ರೋಡಿನ ಪ್ರಸಾದ್ಸ್‌ನಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮುಂದೆ, ಮಗ, ಸೊಸೆ, ಮೊಮ್ಮಗನ ಜತೆ ಕೂತೆ. ಮೂರು ಗಂಟೆಯ ಚಿತ್ರ. ಕುರುಕ್ಷೇತ್ರದಲ್ಲಿ ಶುರು. ಕೃಷ್ಣನ ಶಾಪ ಹೊತ್ತ ಅಶ್ವತ್ಥಾಮ (ಅಮಿತಾಭ್ ಬಚ್ಚನ್) ಸಾವಿಲ್ಲದೆ ಉಳಿಯುತ್ತಾನೆ. ಆರು ಸಾವಿರ ವರ್ಷ ಆದ ಮೇಲೆ ಭೂಮಿಯ ಮೇಲೆ ಉಳಿದಿರುವ ಕೊನೆಯ ಪಟ್ಟಣ ಕಾಶಿ. ಗಂಗೆ ಬತ್ತಿದೆ. ಕಾಶಿಯ ಮೇಲೆ ತಲೆಕೆಳಗಾದ ಪಿರಮಿಡ್ಡಿನಂತೆ 'ಕಾಂಪ್ಲೆಕ್ಸ್' ತೇಲುತ್ತಿದೆ. ನೀರು, ಮರ, ಹಣ್ಣು ಎಲ್ಲ ಅದರೊಳಗೆ. ಅದರ ಒಡೆಯ ಯಾಸ್ಕಿನ್ (ಕಮಲಹಾಸನ್). ಕೆಳಗಿರುವ ಭೈರವನಿಗೆ (ಪ್ರಭಾಸ್) ಒಂದೇ ಗುರಿ: ಹತ್ತು ಲಕ್ಷ 'ಯೂನಿಟ್' ಕೂಡಿಸಿ ಕಾಂಪ್ಲೆಕ್ಸಿನೊಳಗೆ ಹೋಗುವುದು. ಅವನ ಸಂಗಾತಿ ಮಾತಾಡುವ ಗಾಡಿ ಬುಜ್ಜಿ. ಇದೇ ಕಾಂಪ್ಲೆಕ್ಸಿನ ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡ ಗರ್ಭಿಣಿ ದೀಪಿಕಾ ಪಡುಕೋಣೆ. ಒಳಗೆ ಅವಳಿಗೆ ಹೆಸರಿಲ್ಲ, 'ಸಮ್-80' ಎಂಬ ನಂಬರು. ಹೊರಗೆ ಬಂದ ಮೇಲೆ ಸುಮತಿಯಾಗುತ್ತಾಳೆ. ಅವಳನ್ನು ಬಚ್ಚಿಡುವ ಜಾಗ ಶಂಬಲ.

ಮೊದಲು ಮೆಚ್ಚುಗೆ. ಇಲ್ಲಿ ರಟ್ಟು ಕಾಣುವುದಿಲ್ಲ. ಕಾಶಿಯ ಧೂಳು ಮೂಗಿಗೆ ಬಂದಂತಾಗುತ್ತದೆ. ಬುಜ್ಜಿಯನ್ನು ನಿಜವಾಗಿಯೂ ಮಾಡಿಸಿ, ಚಿತ್ರ ಬರುವ ಮುಂಚೆಯೇ ಊರೂರಿಗೆ ಮೆರವಣಿಗೆ ಕಳಿಸಿದ್ದರು. ಇನ್ನೊಂದು ಜಾಣತನ ನನಗೆ ಬಹಳ ಹಿಡಿಸಿತು. ಈ ಚಿತ್ರಕ್ಕೆ ಟೈಮ್ ಮೆಷಿನ್ನೇ ಬೇಕಾಗಿಲ್ಲ. ಅಶ್ವತ್ಥಾಮನೇ ಅದು. ಒಂದೊಂದೇ ದಿನ ಬದುಕುತ್ತ ಬದುಕುತ್ತ ಆರು ಸಾವಿರ ವರ್ಷ ಮುಂದಕ್ಕೆ ಬಂದವನು, ಹಿಂದಕ್ಕೆ ಹೋಗುವ ಗುಂಡಿ ಇಲ್ಲದ ಯಂತ್ರ. ಆಗಸ್ಟಿನಲ್ಲಿ ಚಿತ್ರ ಮನೆಯ ಟಿವಿಗೂ ಬಂದಾಗ ಕನ್ನಡದಲ್ಲೇ ಹಾಕಿಸಿಕೊಂಡು ನೋಡಿದೆ. 1991ರಲ್ಲಿ ಕನ್ನಡಕ್ಕೆ ಡಬ್ಬಿಂಗ್ ಮಾಡುವಂತಿರಲಿಲ್ಲ, ಈಗ ಉಂಟು. ತುಟಿಯ ಚಲನೆ ಒಂದು, ಮಾತು ಒಂದು, ಆದರೂ ಅಶ್ವತ್ಥಾಮ ಕನ್ನಡದಲ್ಲಿ ಮಾತಾಡಿದ ಕೂಡಲೇ ನನಗೆ ಊರಿನ ದೇವಸ್ಥಾನದ ಜಗಲಿಯ ಗಮಕ ವಾಚನ ನೆನಪಾಯಿತು. ರನ್ನನ 'ಗದಾಯುದ್ಧ'ದ ಅಶ್ವತ್ಥಾಮ, ಬಿ.ಎಂ.ಶ್ರೀಯವರ 'ಅಶ್ವತ್ಥಾಮನ್' ನಾಟಕದ ಅಶ್ವತ್ಥಾಮ, ನಮಗೆ ಇವನು ಹೊಸಬನೇ? ಹಣೆಯ ಮಣಿ ಕಳಕೊಂಡು, ಸಾಯಲೂ ಆಗದೆ, ಮನೆಗೂ ಹೋಗಲಾಗದೆ ತಿರುಗುವವನು. ಚಿತ್ರದಲ್ಲಿ ನಿಜವಾದ ದುಃಖ ಇರುವ ಪಾತ್ರ ಇದೊಂದೇ. ಬಚ್ಚನ್ ಅದನ್ನು ಮಾತಿಗಿಂತ ಹೆಚ್ಚಾಗಿ ಬೆನ್ನು ಬಗ್ಗಿಸಿ ನಡೆಯುವುದರಲ್ಲೇ ತೋರಿಸಿದ್ದಾರೆ.

ಇನ್ನು ತಕರಾರು. 'ಆದಿತ್ಯ'ದಲ್ಲಿ 1526ರ ತೆಲುಗೇ ಬೇರೆ, 1991ರ ತೆಲುಗೇ ಬೇರೆ. ಕಾಲ ಬದಲಾದದ್ದು ಕಿವಿಗೂ ಗೊತ್ತಾಗುತ್ತಿತ್ತು. 'ಕಲ್ಕಿ'ಯಲ್ಲಿ ಎಂಟುನೂರೆಪ್ಪತ್ನಾಲ್ಕು ವರ್ಷ ಕಳೆದರೂ ಜನ ಇವತ್ತಿನ ಅಮೀರ್‌ಪೇಟೆಯ ಹುಡುಗರ ಹಾಗೇ ಮಾತಾಡುತ್ತಾರೆ. ಜಗತ್ತಿನ ನಾನಾ ಕಡೆಯಿಂದ ಬಂದು ಕಾಶಿಯಲ್ಲಿ ಸೇರಿದವರು ಅಂತಾರೆ, ಆದರೆ ಯಾರಿಗೂ ಯಾರ ಮಾತೂ ಅರ್ಥವಾಗದೆ ಹೋಗುವುದಿಲ್ಲ. ಪರಊರಿನಲ್ಲಿ ಒಂದು ಕೊತ್ತಂಬರಿ ಕಟ್ಟು ಕೊಳ್ಳುವುದಕ್ಕೂ ಒದ್ದಾಡಿದವನಿಗೆ ಇದು ನಂಬಿಕೆಗೆ ಬರುವುದಿಲ್ಲ. ಮೊದಲ ಅರ್ಧದಲ್ಲಿ ಭೈರವನ ತಮಾಷೆ, ಮನೆ ಯಜಮಾನನ ಬಾಡಿಗೆ ಬಾಕಿ, ಒಬ್ಬರಾದ ಮೇಲೆ ಒಬ್ಬರು ಬಂದು ಮುಖ ತೋರಿಸಿ ಹೋಗುವ ಹೆಸರಾಂತರು, ಇದರಲ್ಲೇ ಹೊತ್ತು ಕಳೆಯುತ್ತದೆ. ದೊಡ್ಡ ಹೊಡೆದಾಟ ಬಂದಾಗ ಯಾರು ಯಾಕೆ ಹೊಡೆಯುತ್ತಿದ್ದಾರೆ ಅಂತ ಮೊಮ್ಮಗ ನನಗೆ ಹೇಳಿಕೊಡಬೇಕಾಯಿತು.

ಎಲ್ಲಕ್ಕಿಂತ ದೊಡ್ಡ ತಕರಾರು ಲೆಕ್ಕದ್ದು. ನಮ್ಮ ಕಾಲದ ಬ್ಯಾಂಕಿನಲ್ಲಿ ದಿನದ ಲೆಕ್ಕ ಟ್ಯಾಲಿ ಆಗದೆ ಮನೆಗೆ ಹೋಗುವಂತಿರಲಿಲ್ಲ. ಯಾವುದೋ ಮೊತ್ತಕ್ಕೆ ಒಡೆಯ ಯಾರು ಅಂತ ಸಿಗದಿದ್ದರೆ ಅದನ್ನು ತಾತ್ಕಾಲಿಕವಾಗಿ 'ಸಸ್ಪೆನ್ಸ್ ಅಕೌಂಟಿ'ಗೆ ಹಾಕುತ್ತಿದ್ದೆವು. ಬೇಗ ಹುಡುಕಿ ತೆಗೆಯದಿದ್ದರೆ ಇನ್‌ಸ್ಪೆಕ್ಷನ್ನಿಗೆ ಬಂದವರು ಕಿವಿ ಹಿಂಡುತ್ತಿದ್ದರು. 'ಆದಿತ್ಯ' ಹೊರಡಿಸಿದ ಚೆಕ್ಕುಗಳನ್ನೆಲ್ಲ ತಾನೇ ಪಾವತಿ ಮಾಡಿ ಬಾಗಿಲು ಹಾಕುತ್ತದೆ. 'ಕಲ್ಕಿ' ಮೂರು ಗಂಟೆ ತೆಗೆದುಕೊಂಡು ಎಲ್ಲವನ್ನೂ ಸಸ್ಪೆನ್ಸ್ ಅಕೌಂಟಿಗೆ ಹಾಕಿ ಎದ್ದುಬಿಡುತ್ತದೆ. ಮಗು ಹುಟ್ಟಲಿಲ್ಲ. ಭೈರವನೊಳಗೆ ಕರ್ಣ ಎದ್ದ, ಮುಂದೇನು ತಿಳಿಯಲಿಲ್ಲ. ಮಿಕ್ಕದ್ದು ಮುಂದಿನ ಭಾಗದಲ್ಲಿ. ಇದು ಕಥೆ ಹೇಳುವವನ ಮುದ್ದತು ಸಾಲವೇ ಹೊರತು ಕಥೆಯಲ್ಲ.

ಇಷ್ಟೆಲ್ಲ ತಕರಾರು ಮಾಡಿದ ಮೇಲೂ ಒಂದು ಮಾತು ಒಪ್ಪಬೇಕು. ಪರಊರಿನ ಬಾಳಿನ ಬಗ್ಗೆ ಹೆಚ್ಚು ಬಲ್ಲದ್ದು 'ಕಲ್ಕಿ'ಯೇ. ಅದು ನನಗೆ ಗೊತ್ತಾದದ್ದು ಥಿಯೇಟರಿನಲ್ಲಿ ಅಲ್ಲ, ಮಗನ ಮನೆಯ ಗೇಟಿನಲ್ಲಿ.

ಮಗ ಇರುವುದು ಊರಿನ ಪಶ್ಚಿಮಕ್ಕೆ, ಮೂವತ್ತು ಚಿಲ್ಲರೆ ಅಂತಸ್ತಿನ ಕಟ್ಟಡದಲ್ಲಿ. 1998ರಲ್ಲಿ ಸೈಬರ್ ಟವರ್ಸ್ ಶುರುವಾದಾಗ ಅತ್ತ ಕಡೆ ಬರೀ ಬಂಡೆ. ನಮ್ಮ ಹಂಪಿಯ ಬಂಡೆಗಳ ದಾಯಾದಿಗಳು ಅನ್ನಬಹುದು, ಹಾಗೇ ಒಂದರ ಮೇಲೊಂದು ಕೂತಿದ್ದವು. ಅವನ್ನು ಸಿಡಿಸಿ ಎಬ್ಬಿಸಿದ ಕಟ್ಟಡಗಳು ಇವು. ಚಿತ್ರ ನೋಡಿದ ಮುಂದಿನ ವಾರ ಮೊಮ್ಮಗನಿಗೆ ಹುಗ್ಗಿ ಮಾಡಿಸಿ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ಕಾವಲಿನ ಹುಡುಗ ಫೋನಿನಲ್ಲಿ 'ಅಪ್ರೂವಲ್' ಬರಬೇಕು ಅಂದ. ಮಗ ಮೀಟಿಂಗಿನಲ್ಲಿದ್ದ, ಸೊಸೆ ಆಫೀಸಿನಲ್ಲಿ. ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತೆ. ಹುಡುಗ ಒಳ್ಳೆಯವನೇ, ತನ್ನ ಕುರ್ಚಿ ಕೊಟ್ಟ. ಯಾವೂರಪ್ಪ ಅಂದೆ. ಒಡಿಶಾ ಅಂದ. ಊರಿಗೆ ಯಾವಾಗ ಹೋಗ್ತೀ ಅಂದೆ. ನಕ್ಕ. ಎದುರಿಗೆ ಟ್ಯಾಂಕರುಗಳು ಸಾಲಾಗಿ ಒಳಗೆ ಹೋಗುತ್ತಿದ್ದವು. ಅವಕ್ಕೆ ಅಪ್ರೂವಲ್ ಬೇಕಾಗಿರಲಿಲ್ಲ. ಕಾಶಿ, ಕಾಂಪ್ಲೆಕ್ಸು, ಯೂನಿಟ್ಟು ಎಲ್ಲ ಅಲ್ಲೇ ಇತ್ತು. ಭೈರವ ತಾನು ಎಲ್ಲಿಂದ ಬಂದೆ ಅಂತ ಯೋಚಿಸುವುದೇ ಇಲ್ಲ, ಒಳಗೆ ಹೋಗುವುದಷ್ಟೇ ಅವನ ಯೋಚನೆ. 'ಕಲ್ಕಿ'ಯ ಲೋಕದಲ್ಲಿ ಯಾರೂ ಯಾರಿಗೂ 'ಹೋಗಿ ಬಾ' ಅನ್ನುವುದಿಲ್ಲ. ಬರುವುದಕ್ಕೆ ಊರೇ ಉಳಿದಿಲ್ಲವಲ್ಲ. 1991ರಲ್ಲಿ ಸಿಂಗೀತಂ ಅವರ 2504 ಒಂದು ಕೆಟ್ಟ ಕನಸು, ನೋಡಿ ಎದ್ದು ಬರಬಹುದಾಗಿತ್ತು. ನಾಗ್ ಅಶ್ವಿನ್ ಅವರ 2898ರಲ್ಲಿ ಎಚ್ಚರವಾಗುವ ಮನೆಯೇ ಇಲ್ಲ.

ಬತ್ತಿದ ಗಂಗೆಯನ್ನು ನೋಡಿದಾಗ ಇದು ಸಿನಿಮಾದವರ ಅತಿ ಅಂದುಕೊಂಡಿದ್ದೆ. ಆರೇ ವಾರದಲ್ಲಿ, 2024ರ ಆಗಸ್ಟ್ 10ರ ರಾತ್ರಿ, ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಬಿಡದೆ ಗತಿಯಿರಲಿಲ್ಲ. ಹೈದರಾಬಾದಿನಲ್ಲಿ ಟಿವಿ ಮುಂದೆ ನಾನು ಕೂತಿದ್ದೆ. ಆ ಅಣೆಕಟ್ಟು ಕಟ್ಟುವಾಗ ಒಂದು ಕಡೆ ಹೈದರಾಬಾದ್ ಸಂಸ್ಥಾನ, ಇನ್ನೊಂದು ಕಡೆ ಮದ್ರಾಸ್ ಪ್ರಾಂತ. ಹೋದ ಗೇಟಿನ ಜಾಗಕ್ಕೆ ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿದ ತಂಡದ ಮುಂದಿದ್ದವರು ಆಂಧ್ರದ ತಜ್ಞ ಕನ್ನಯ್ಯ ನಾಯ್ಡು. ರಾಯ ಯಾರವನು ಅಂತ 1991ರಲ್ಲಿ ಟೀ ಆರಿಸಿಕೊಂಡು ಜಗಳವಾಡಿದ್ದು ನೆನಪಾಗಿ ನಾಚಿಕೆಯಾಯಿತು. ನೀರು ಯಾರದು ಅಂತ ಆ ವಾರ ಯಾರೂ ಕೇಳಲಿಲ್ಲ, ನಿಲ್ಲಲಿ ಅಂತ ಎಲ್ಲರೂ ಕೈಮುಗಿದರು.

ಆ ವಾರವೇ ತಮ್ಮ ಫೋನು ಮಾಡಿದ. ಗೇಟಿನ ಸುದ್ದಿಯೆಲ್ಲ ಆದ ಮೇಲೆ ಮೆಲ್ಲಗೆ, "ಅಣ್ಣಾ, ಮನೆ ವಿಚಾರ ಏನ್ ಮಾಡ್ದಿ?" ಅಂದ. ಅಪ್ಪನ ಮನೆ. ಹಂಚು ಕುಸಿದಿದೆ. ಕೊಳ್ಳುವವರು ಎರಡು ವರ್ಷದಿಂದ ಕೇಳುತ್ತಿದ್ದಾರೆ. ತಮ್ಮನಿಗೆ ಮಗಳ ಮದುವೆಗೆ ದುಡ್ಡು ಬೇಕು. ನನ್ನ ಸಹಿ ಒಂದಕ್ಕೇ ನಿಂತಿದೆ. "ರಿಟೈರ್ ಆದ್ಮ್ಯಾಲೆ ಬರ್ತೀನಿ ಅಂದಿದ್ದಿ. ಆಗಿ ಆರು ವರ್ಷ ಆತು." ನೋಡೋಣ ಅಂದೆ. ಪ್ರತಿ ಸಲ ಅದನ್ನೇ ಅಂದಿದ್ದೆ.

2025ರ ಏಪ್ರಿಲ್‌ನಲ್ಲಿ 'ಆದಿತ್ಯ 369' ಹೊಸದಾಗಿ ತೊಳೆದ ಪ್ರಿಂಟಿನಲ್ಲಿ ಮತ್ತೆ ಬಿಡುಗಡೆಯಾಯಿತು. ಹನ್ನೊಂದು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹೋದೆ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. 2504ರ ಸೆಟ್ಟು ನೋಡಿ ಬಿದ್ದುಬಿದ್ದು ನಕ್ಕ. ಆದರೆ ವಿಜಯನಗರ ಬಂದಾಗ ನೆಟ್ಟಗೆ ಕೂತ. ಅವನಪ್ಪ ಒಂದು ಕಾಲಕ್ಕೆ ಕೇಳಿದ ಪ್ರಶ್ನೆಯನ್ನು ಇವನು ಉಲ್ಟಾ ಕೇಳಿದ: "ತಾತಾ, ಕೃಷ್ಣದೇವರಾಯರಿಗೆ ಕನ್ನಡ ಬರ್ತಿತ್ತಾ?"

ಈ ಸಲ ಸಿಟ್ಟು ಬರಲಿಲ್ಲ. ನಿವೃತ್ತಿಯಾದ ಮೇಲೆ 'ಆಮುಕ್ತಮಾಲ್ಯದ'ವನ್ನು ಅಷ್ಟಿಷ್ಟು ಓದಿದ್ದೆ. ಅದರ ಆರಂಭದಲ್ಲಿ ರಾಯನ ಕನಸಿಗೆ ಆಂಧ್ರವಿಷ್ಣು ಬಂದು ತೆಲುಗಿನಲ್ಲಿ ಕಾವ್ಯ ಬರೆ ಅನ್ನುತ್ತಾನೆ. ತೆಲುಗನ್ನು ಹೊಗಳುವ ಆ ಪ್ರಸಿದ್ಧ ಮಾತು ಬರುವುದು ಅಲ್ಲಿಯೇ. ಅದೇ ಜಾಗದಲ್ಲಿ ದೇವರು ತನ್ನನ್ನು ತೆಲುಗುರಾಯ ಅಂದುಕೊಂಡು, ಎದುರಿಗಿರುವ ಅರಸನನ್ನು ಕನ್ನಡರಾಯ ಎಂದು ಕರೆಯುತ್ತಾನೆ. ತೆಲುಗಿನ ದೇವರು ಕನ್ನಡದ ದೊರೆಯ ಕೈಲಿ ತೆಲುಗು ಕಾವ್ಯ ಬರೆಸಿದ! ನನ್ನ ಸಹೋದ್ಯೋಗಿಯೂ ಸರಿ, ನಾನೂ ಸರಿ. ಟೀ ಸುಮ್ಮನೆ ಆರಿತ್ತು. ಇದನ್ನು ಹುಡುಗನಿಗೆ ಹೇಳಿದೆ. "ಹಂಗಾದ್ರೆ ನಮ್ ಥರ" ಅಂದ. ಪಾಪ್‌ಕಾರ್ನ್ ತಿನ್ನುತ್ತ ಮುಂದೆ ನೋಡಿದ.

ಯಂತ್ರ ವಾಪಸ್ಸು ಹೊರಟಿತು. 1991ರಲ್ಲಿ ನಾನು ಇದನ್ನು ನೋಡುವಾಗ ನನ್ನ ಮನಸ್ಸೆಲ್ಲ ವಿಜಯನಗರದಲ್ಲಿತ್ತು. ಇವರು ನಮ್ಮೂರಿಗೆ ಹೋಗಿದ್ದಾರೆ, ಇನ್ನು ಸ್ವಲ್ಪ ಇರಬಾರದೇ ಅನ್ನಿಸುತ್ತಿತ್ತು. ಈಗ ಮೊದಲ ಸಲ ಸರಿಯಾಗಿ ನೋಡಿದೆ. ಅವರಿಗೆ ವಿಜಯನಗರ ಹೋಗಿ ನೋಡುವ ಜಾಗ. ಅವರು ಬರುವುದು ಹೆಂಡತಿ ಮಕ್ಕಳಾಗಬೇಕಾದ, ಶಾಲೆಯ ಹುಡುಗ ಕಾಯುತ್ತಿರುವ, ತಮ್ಮ ವರ್ಷಕ್ಕೆ. ನಾನು ಮೂವತ್ತೈದು ವರ್ಷ ಯಾವುದನ್ನು 'ಹೋಗುವುದು', ಯಾವುದನ್ನು 'ಬರುವುದು' ಅಂತ ಬರೆದುಕೊಂಡಿದ್ದೆನೋ ಅದನ್ನು ಅದಲುಬದಲು ಮಾಡಬೇಕಿತ್ತು. ರಜೆಯಲ್ಲಿ ಹೊಸಪೇಟೆಗೆ ಹೋಗುತ್ತಿದ್ದೆ, ಹೈದರಾಬಾದಿಗೆ ಬರುತ್ತಿದ್ದೆ. ಬಾಯಿ ಎಷ್ಟೋ ವರ್ಷದಿಂದ ಹಾಗೇ ಹೇಳುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. 'ಕಲ್ಕಿ'ಗೆ ಇನ್‌ಸ್ಪೆಕ್ಟರನ ಹಾಗೆ ಕೆಂಪು ಶಾಯಿ ಹಾಕಿದವನು, ಅಪ್ಪನ ಮನೆಯನ್ನು ಅಷ್ಟು ವರ್ಷದಿಂದ ಸಸ್ಪೆನ್ಸ್ ಅಕೌಂಟಿನಲ್ಲಿ ಇಟ್ಟುಕೊಂಡು ಕೂತಿದ್ದೆ. ಬಡ್ಡಿ ಕಟ್ಟುತ್ತಿದ್ದವನು ತಮ್ಮ.

ಹಾಗಾದರೆ ಯಾವ ಚಿತ್ರ ಮೇಲು? ಕಥೆ ಕಟ್ಟುವುದರಲ್ಲಿ, ನಗಿಸುವುದರಲ್ಲಿ, ಲೆಕ್ಕ ಮುಗಿಸುವುದರಲ್ಲಿ 'ಆದಿತ್ಯ'ವೇ ಮೇಲು, ಅದರಲ್ಲಿ ಅನುಮಾನವಿಲ್ಲ. 'ಕಲ್ಕಿ' ಕಣ್ಣಿಗೆ ದೊಡ್ಡದು, ಅದರ ಎರಡನೆಯ ಭಾಗ ಬಂದ ಮೇಲೆ ಪೂರ್ತಿ ತೀರ್ಪು. ಆದರೆ ಗೇಟಿನ ಹೊರಗೆ ನಿಂತ ಜನರನ್ನು ಅದು ಕಂಡಿದೆ, ಅದಕ್ಕೆ ಆ ಮಟ್ಟಿಗೆ ಕೈಮುಗಿಯುತ್ತೇನೆ. ನೀವು ಊರಲ್ಲೇ ಇದ್ದು ನೋಡುವುದಾದರೆ ಮೊದಲು ಹಳೆಯದನ್ನು ನೋಡಿ, ಆಮೇಲೆ ಹೊಸದನ್ನು. ಹೊರಗಿರುವ ಮಕ್ಕಳು ರಜೆಗೆ ಬಂದಾಗ ಅವರ ಜತೆ ಕೂತು ನೋಡಿದರೆ ಇನ್ನೂ ಒಳ್ಳೆಯದು.

ಮೇ ತಿಂಗಳಲ್ಲಿ ಹೊಸಪೇಟೆಗೆ ಹೋಗಿ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದೆ, ಹೆಬ್ಬೆಟ್ಟೂ ಒತ್ತಿದೆ. ತಮ್ಮ ಏನೂ ಮಾತಾಡದೆ ಮಂಡಕ್ಕಿ ಮಿರ್ಚಿ ಕೊಡಿಸಿದ. ಮರುದಿನ ಮೊಮ್ಮಗನಿಗೆ ಹಂಪಿ ತೋರಿಸಿದೆ. ಬಿಸಿಲಲ್ಲಿ ಮಹಾನವಮಿ ದಿಬ್ಬ ಹತ್ತಿ ನಿಂತು ಸುತ್ತ ನೋಡಿ, "ತಾತಾ, ಸಿನಿಮಾದಲ್ಲಿ ಇದೆಲ್ಲಾ ಹೊಸದಾಗಿತ್ತು" ಅಂದ. ಹೌದಪ್ಪ ಅಂದೆ. ರಾತ್ರಿ ಬಸ್‌ಸ್ಟ್ಯಾಂಡಿಗೆ ತಮ್ಮ ಬಂದಿದ್ದ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಅಪ್ಪ ನಿಂತಿದ್ದ ಹಾಗೇ ನಿಂತು, "ಹೋಗಿ ಬಾ ಅಣ್ಣಾ" ಅಂದ. ಮನೆಯಿಲ್ಲದ ಊರಿಗೂ ಅದನ್ನೇ ಹೇಳಿದ. ನಾನೂ "ಬರ್ತೀನಿ" ಅಂದೆ.